ಅಶೋಕನಿಗೊಂದು ಐಡಿ

ವೆಬ್ ಪುಟದ ಅಲಂಕಾರದ ತಕರಾರಿಗೆ ಸಾಮ್ರಾಟ್ ಅಶೋಕನನ್ನು ಸಾಕ್ಷಿಗೆ ಕರೆಯುವುದು ಅತಿಯಾಯಿತೆಂದು ಗೊತ್ತು. ಆದರೆ ಸಾಕ್ಷಿ ಮಸ್ಕಿಯಲ್ಲೇ ಇರುವಾಗ ಬಿಡಲು ಮನಸ್ಸು ಬಾರದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಕೈಗೆ ಸಿಕ್ಕಿದ್ದು ‘ದೇವಾನಂಪಿಯ’ನೆಂಬ ಬಿರುದು. ಅದನ್ನು ಸಿಂಹಳದ ತಿಸ್ಸನೂ ಹೊತ್ತಿದ್ದ, ಅಶೋಕನ ಮೊಮ್ಮಗ ದಶರಥನೂ ಹೊತ್ತಿದ್ದ. ಪ್ರಿನ್ಸೆಪ್ ಮೊದಲು ತಿಸ್ಸನೇ ಇರಬೇಕೆಂದುಕೊಂಡ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ನನಿಗೆ ಮಸ್ಕಿಯ ಬಂಡೆ ಸಿಕ್ಕಿತು. ಬಿರುದಿನ ಜೊತೆಗೇ ಅಶೋಕನ ಹೆಸರೂ ಅದರಲ್ಲಿತ್ತು. ಸಿಎಸ್‌ಎಸ್ ಲೆಕ್ಕದಲ್ಲಿ ರಾಜ ಎಲಿಮೆಂಟು, ದೇವಾನಂಪಿಯ ಕ್ಲಾಸು, ಅಶೋಕ ಐಡಿ. ನನ್ನ ವಾದ ಇಷ್ಟೆ: ಗುರುತಿಗೆ ಐಡಿ ಬೇಕು, ವೇಷಭೂಷಣಕ್ಕೆ ಕ್ಲಾಸೇ ಸರಿ.

ಒಂದೇ ಪುಟದಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ಶೀರ್ಷಿಕೆಗಳಿವೆ ಎನ್ನಿ. ‘#ಮಸ್ಕಿ’ ಎಂದು ಬರೆದು ಕೆಂಪು ಬಣ್ಣ ಕೊಟ್ಟರೆ ಉಳಿದೆರಡಕ್ಕೂ ಬೇರೆ ಬೇರೆ ಬರೆಯಬೇಕು, ‘.ತಾಲ್ಲೂಕು’ ಎಂದರೆ ಮೂರೂ ಒಂದೇ ಏಟಿಗೆ ಕೆಂಪಾಗುತ್ತವೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಹೆಚ್ಚಿಸುವಂಥ ಊರಿಗೆಲ್ಲ ಸಲ್ಲುವ ಕೆಲಸಕ್ಕೆ ಎಲಿಮೆಂಟೇ ಸಾಕು. ‘ಐಡಿಗೆ ಬಲ ಹೆಚ್ಚಲ್ಲವೇ?’ ಎನ್ನುವವರಿದ್ದಾರೆ. ಹೆಚ್ಚು, ಅದೇ ಅದರ ರೋಗ. ಬ್ರೌಸರ್ ಐಡಿ, ಕ್ಲಾಸ್, ಎಲಿಮೆಂಟುಗಳನ್ನು ಮೂರು ಬೇರೆ ಕಾಲಂಗಳಲ್ಲಿ ಎಣಿಸುತ್ತದೆ. ಹತ್ತು ಕ್ಲಾಸ್ ಸೇರಿದರೆ ಒಂದು ಐಡಿ ಎಂಬ ಮಗ್ಗಿ ಸುಳ್ಳು. ಆದರೆ 2012ರ ಸುಮಾರಿಗೆ ಕೆಲವು ಬ್ರೌಸರ್‌ಗಳಲ್ಲಿ ಪ್ರತಿ ಕಾಲಮಿಗೂ ಎಂಟೇ ಬಿಟ್ ಜಾಗವಿತ್ತು. 255ರವರೆಗೆ ಕ್ಲಾಸುಗಳು ವಿನಯದಿಂದಿದ್ದು, 256ನೆಯದು ಬಂದೊಡನೆ ಲೆಕ್ಕ ಉಕ್ಕಿ ಐಡಿಯ ಕಾಲಮಿಗೆ ಹರಿಯುತ್ತಿತ್ತು! ದೇವಾನಂಪಿಯ, ದೇವಾನಂಪಿಯ ಎಂದು 256 ಸಲ ಕೆತ್ತಿದರೆ ಅಶೋಕ ಪದಚ್ಯುತ. ಬಂಡೆ ಸಾಲದು, ಉಳಿ ಮೊಂಡಾಗುತ್ತದೆ, ಶಿಲ್ಪಿ ನೂರನೆಯದಕ್ಕೇ ಕೂಲಿ ಕೇಳುತ್ತಾನೆ. 255ಕ್ಕೆ ಕೈಬಿಟ್ಟರೆ ಮೌರ್ಯ ಸಾಮ್ರಾಜ್ಯ ಉಳಿಯಿತು. ಐಡಿಯನ್ನು ಸೋಲಿಸಲು ಇಷ್ಟು ದಂಡೆತ್ತಿ ಹೋಗಬೇಕೆಂದಮೇಲೆ, ಜನ ಬೇಸತ್ತು ಪ್ರತಿ ಸಾಲಿಗೂ ‘ಇಂಪಾರ್ಟೆಂಟ್’ ಅಂಟಿಸುವುದರಲ್ಲಿ ಆಶ್ಚರ್ಯವಿಲ್ಲ. ಅಂಟಿಸಿದವರು ಕೆಲಸ ಬಿಟ್ಟು ಬೆಂಗಳೂರು ಸೇರುತ್ತಾರೆ. ಆಮೇಲೆ ಆ ಫೈಲು ಕೈಗೆ ಬಂದ ಹುಡುಗಿ ಒಂದು ಬಣ್ಣ ಬದಲಿಸಲು ರಾತ್ರಿಯಿಡೀ ನಿದ್ದೆಗೆಡುತ್ತಾಳೆ. ಅದು ನಗುವ ವಿಷಯವಲ್ಲ.

ಹಾಗಾದರೆ ಐಡಿಯನ್ನೇ ಕಿತ್ತುಹಾಕೋಣವೇ? ಬೇಡ. ಪುಟದ ನಡುವಿನ ಭಾಗಕ್ಕೆ ಲಿಂಕ್ ಕೊಡಲು, ಫಾರ್ಮಿನ ಲೇಬಲ್ಲನ್ನು ಅದರ ಖಾನೆಗೆ ಜೋಡಿಸಲು ಐಡಿಯೇ ಬೇಕು. ಐಡಿ ಹಿಡಿದೇ ಬಣ್ಣ ಹಚ್ಚಬೇಕಾದ ಸಂದರ್ಭ ಬಂದರೂ, ಅದನ್ನು ಚೌಕ ಆವರಣದೊಳಗಿನ ಗುಣಲಕ್ಷಣವಾಗಿ ಬರೆದರೆ ಕ್ಲಾಸಿನಷ್ಟೇ ತೂಕ ಬೀಳುತ್ತದೆ. ಆದ್ದರಿಂದ ಓದುಗರೇ, ಸ್ಟೈಲ್‌ಶೀಟಿನಲ್ಲಿ ಹ್ಯಾಶ್ ಗುರುತು ಒತ್ತುವ ಮುನ್ನ ಒಂದು ಚುಕ್ಕೆ ಸಾಲದೇ ಎಂದು ಕೇಳಿಕೊಳ್ಳಿ. ಬಹುಪಾಲು ಸಾಕಾಗುತ್ತದೆ.