ಗೆರೆ ಎಳೆದಲ್ಲಿ ಹುಟ್ಟಿದ ಗಾಡಿಗಳು

ಮನೆಗೆ ಕಾರು ತರುವ ಮಾತೆತ್ತಿದರೆ ಸಾಕು, ಎಲ್ಲರೂ ದೊಡ್ಡದನ್ನೇ ತೋರಿಸುತ್ತಾರೆ ರಾಯರೇ. ನಾನು ಮಾತ್ರ ಮೊದಲಿಂದಲೂ ಚಿಕ್ಕ ಕಾರಿನ ಪಕ್ಷ. ಎಷ್ಟು ಚಿಕ್ಕದು ಅಂತೀರಾ? ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಐಲ್ ಆಫ್ ಮ್ಯಾನ್ ಅಂತ ಒಂದು ದ್ವೀಪ. ಅಲ್ಲಿನ ಪೀಲ್ ಕಂಪನಿ 1962ರಲ್ಲಿ ಪಿ50 ಎಂಬ ಕಾರು ಹೊರತಂದಿತು. ಉದ್ದ 137 ಸೆಂಟಿಮೀಟರ್, ಅಗಲ 99. ಎಂಜಿನ್ 49 ಸಿಸಿ. ತೂಕ 60 ಕಿಲೋ ಆಸುಪಾಸು. ಮೂರು ಗಾಲಿ, ಒಂದು ಬಾಗಿಲು, ಒಂದೇ ಹೆಡ್‌ಲೈಟು. ಒಬ್ಬರು ಕೂತು ಪಕ್ಕದಲ್ಲೊಂದು ಕೈಚೀಲ ಇಟ್ಟುಕೊಂಡರೆ ಗಾಡಿ ಭರ್ತಿ. ರಿವರ್ಸ್ ಗೇರ್ ಇಲ್ಲ. ಹಿಂಭಾಗದಲ್ಲಿ ಒಂದು ಹಿಡಿ ಇದೆ. ಕೆಳಗಿಳಿದು ಎತ್ತಿ ತಿರುಗಿಸಿಕೊಂಡರಾಯಿತು. ಮಾರಾಟಕ್ಕೆಂದು ತಯಾರಾದ ಕಾರುಗಳಲ್ಲಿ ಇದಕ್ಕಿಂತ ಚಿಕ್ಕದಿಲ್ಲ ಅಂತ ಗಿನ್ನೆಸ್ ದಾಖಲೆಯೂ ಇದೆ.

ಇದೇನು ಆಟದ ಸಾಮಾನು ಅನ್ನಬೇಡಿ. ಯೂರೋಪಿನಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಜನರ ಕೈಯಲ್ಲಿ ಕಾಸಿರಲಿಲ್ಲ, ಆದರೆ ಮಳೆಯಲ್ಲಿ ನೆನೆಯದೆ ಕೆಲಸಕ್ಕೆ ಹೋಗಬೇಕಿತ್ತು. ಆಗ ಇಟಲಿಯ ಇಸೊ ಕಂಪನಿ 1953ರಲ್ಲಿ ಇಸೆಟ್ಟಾ ಕಾರು ಮಾಡಿತು. ಆ ಕಂಪನಿ ಮೊದಲು ಮಾಡುತ್ತಿದ್ದದ್ದು ಫ್ರಿಜ್ಜು. ಕಾರಿಗೂ ಫ್ರಿಜ್ಜಿನ ಹಾಗೆ ಇಡೀ ಮುಂಭಾಗವೇ ಬಾಗಿಲು! ಬಾಗಿಲು ತೆರೆದರೆ ಸ್ಟೀರಿಂಗೂ ಅದರ ಜೊತೆಗೇ ಹೊರಗೆ ಬಂದು ದಾರಿ ಬಿಡುತ್ತದೆ. ಜರ್ಮನಿಯ ಬಿಎಂಡಬ್ಲ್ಯು ಅದರ ಲೈಸೆನ್ಸ್ ಕೊಂಡು, ತನ್ನ ಮೋಟರ್ ಸೈಕಲ್ ಎಂಜಿನ್ ಕೂರಿಸಿ 1955ರಿಂದ ಮಾರಿತು. ಇವತ್ತು ಶ್ರೀಮಂತಿಕೆಯ ಗುರುತಾಗಿರುವ ಅದೇ ಬಿಎಂಡಬ್ಲ್ಯು ಸ್ವಾಮಿ! ಆಗ ಅದರ ದೊಡ್ಡ ಕಾರುಗಳು ನಷ್ಟಕ್ಕೆ ಬಿದ್ದಿದ್ದವು. ಒಂದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು ಇಸೆಟ್ಟಾಗಳು ಹೋಗಿ, ಕಂಪನಿ ಉಸಿರಾಡುವಂತಾಯಿತು.

ಆ ಮೊದಲ ಎಂಜಿನ್ 247 ಸಿಸಿಯೇ ಯಾಕಿತ್ತು ಗೊತ್ತೇ? ಜರ್ಮನಿಯಲ್ಲಿ ಆಗ 250 ಸಿಸಿ ಒಳಗಿನ ಗಾಡಿಯನ್ನು ಮೋಟರ್ ಸೈಕಲ್ ಲೈಸೆನ್ಸಿನಲ್ಲೇ ಓಡಿಸಬಹುದಿತ್ತು. ಬ್ರಿಟನ್ನಿನಲ್ಲಿ ಅನುಕೂಲ ಇದ್ದದ್ದು ಮೂರು ಗಾಲಿಯ ಗಾಡಿಗೆ: ತೆರಿಗೆಯೂ ಕಡಿಮೆ, ಲೈಸೆನ್ಸೂ ಸುಲಭ. ಹಾಗಾಗಿ 1957ರಿಂದ ಬ್ರೈಟನ್ ಊರಿನ ಹಳೆಯ ರೈಲು ಕಾರ್ಖಾನೆಯಲ್ಲಿ ತಯಾರಾದ ಇಸೆಟ್ಟಾ, ಬ್ರಿಟಿಷರಿಗಾಗಿ ಹಿಂದಿನ ಒಂದು ಗಾಲಿ ಬಿಟ್ಟುಕೊಟ್ಟು ಮೂರು ಗಾಲಿಯದಾಯಿತು. ಅದಕ್ಕೆ ಹಿಂದಿನ ವರ್ಷವಷ್ಟೇ ಸೂಯೆಜ್ ಬಿಕ್ಕಟ್ಟಿನಿಂದ ಪೆಟ್ರೋಲಿಗೆ ತತ್ವಾರ ಬಂದಿತ್ತು. ಜನ ಇಂಥ ಗಾಡಿಗೇ ಮುಗಿಬಿದ್ದರು.

ನಾನು ಹೇಳಬೇಕೆಂದಿದ್ದೂ ಇದೇ ರಾಯರೇ. ಪುಟ್ಟ ಕಾರಿಗೆ ಎಂಜಿನಿಯರ್ ಒಬ್ಬನೇ ಅಪ್ಪನಲ್ಲ. ಸರ್ಕಾರ ಎಲ್ಲಿ ಗೆರೆ ಎಳೆಯುತ್ತದೋ ಅಲ್ಲಿಗೆ ಸರಿಯಾಗಿ ಕಾರು ಹುಟ್ಟುತ್ತದೆ.

ಇದಕ್ಕೆ ಜಪಾನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅಲ್ಲಿ ‘ಕೇಯ್’ ಅಂತ ಒಂದು ವರ್ಗವನ್ನೇ ಮಾಡಿಟ್ಟಿದ್ದಾರೆ. 1955ರ ಹೊತ್ತಿಗೆ ಅದರ ಮಿತಿ 360 ಸಿಸಿ. ಅದೇ ವರ್ಷ ಸುಜುಕಿಯ ಸುಜುಲೈಟ್ ಬಂತು, 1958ರಲ್ಲಿ ಸುಬಾರು 360 ಬಂತು. ಮಿತಿ 1976ರಲ್ಲಿ 550 ಸಿಸಿಗೆ, 1990ರಲ್ಲಿ 660ಕ್ಕೆ ಏರಿತು. ಈಗ ಉದ್ದ 3.4 ಮೀಟರ್, ಅಗಲ 1.48 ಮೀಟರ್ ದಾಟುವ ಹಾಗಿಲ್ಲ. ಇಷ್ಟರೊಳಗಿದ್ದರೆ ತೆರಿಗೆ ಕಡಿಮೆ, ಹಳದಿ ನಂಬರ್ ಪ್ಲೇಟು. ಜಪಾನಿನಲ್ಲಿ ನಿಲ್ಲಿಸಲು ಜಾಗ ಇದೆ ಅಂತ ಪೊಲೀಸರಿಂದ ಪತ್ರ ತಂದರೇ ಕಾರು ನೋಂದಣಿ. ಎಷ್ಟೋ ಊರುಗಳಲ್ಲಿ ಕೇಯ್ ಕಾರಿಗೆ ಆ ಕಟ್ಟುಪಾಡೂ ಇಲ್ಲ. ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಮೂರರಲ್ಲಿ ಒಂದು ಪಾಲು ಇವೇ. ಕೇಯ್ ಅಂದರೆ ಬಡವರ ಗಾಡಿ ಅಂತ ಅಲ್ಲಿ ಯಾರೂ ಮೂಗು ಮುರಿಯುವುದಿಲ್ಲ. ನಮ್ಮ ಮಾರುತಿ 800 ಕೂಡ ಇದೇ ಮನೆತನದ್ದು, ಸುಜುಕಿ ಆಲ್ಟೊದ ಒಡಹುಟ್ಟು. 1983ರ ಡಿಸೆಂಬರಿನಲ್ಲಿ ಅದು ಬಂದದ್ದೇ ಬಂದದ್ದು, ಕಾರಿನ ಕನಸೇ ಕಾಣದಿದ್ದ ಮಧ್ಯಮ ವರ್ಗದ ಮನೆಗಳ ಮುಂದೆ ಕಾರು ನಿಂತಿತು.

ಡಿಕ್ಕಿಯಾದರೆ ಗತಿಯೇನು ಅಂತ ನೀವು ಕೇಳುವುದು ನ್ಯಾಯವೇ. ಹಗುರ ಗಾಡಿಗೂ ಲಾರಿಗೂ ತಾಗಿದರೆ ಏಟು ತಿನ್ನುವುದು ಹಗುರ ಗಾಡಿ. ಜಪಾನಿನವರು ಇದನ್ನು ತಿಳಿದೇ 1998ರಲ್ಲಿ ಕೇಯ್ ಕಾರಿನ ಉದ್ದಗಲ ತುಸು ಹೆಚ್ಚಿಸಿದರು, ಒಳಗಿರುವವರಿಗೆ ರಕ್ಷಣೆ ಸಿಗಲಿ ಅಂತ. ಚಿಕ್ಕದಾಗಿರಲಿ, ಆದರೆ ಗಟ್ಟಿಯಾಗಿರಲಿ ಅನ್ನುವುದನ್ನೂ ನಿಯಮದಲ್ಲೇ ಬರೆಯಬಹುದು.

ಇನ್ನು ನಮ್ಮ ಬೆಂಗಳೂರಿನ ರೇವಾ ವಿಷಯ. ಅದನ್ನು ನೆನೆದರೆ ನನಗೆ ಹೆಮ್ಮೆಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಚೇತನ್ ಮೈನಿ ಮತ್ತವರ ತಂಡ 2001ರಲ್ಲೇ ಬ್ಯಾಟರಿ ಕಾರು ಮಾಡಿ ರಸ್ತೆಗಿಳಿಸಿದ್ದರು. ಉದ್ದ ಎರಡೂಮುಕ್ಕಾಲು ಮೀಟರಿಗೂ ಕಡಿಮೆ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಚಾರ್ಜು. ಆದರೆ ಅದನ್ನು ಕೈಹಿಡಿದ ಊರು ಬೆಂಗಳೂರಲ್ಲ, ಲಂಡನ್ನು! ನಗರದ ಮಧ್ಯಭಾಗಕ್ಕೆ ಕಾರು ತರುವವರು ದಿನಕ್ಕಿಷ್ಟು ಶುಲ್ಕ ಕಟ್ಟಬೇಕು ಅಂತ ಲಂಡನ್ 2003ರಲ್ಲಿ ನಿಯಮ ತಂದು, ಬ್ಯಾಟರಿ ಗಾಡಿಗಳಿಗೆ ವಿನಾಯಿತಿ ಕೊಟ್ಟಿತು. ಮುಂದಿನ ವರ್ಷ ಜಿ-ವಿಜ್ ಅನ್ನುವ ಹೆಸರಿನಲ್ಲಿ ನಮ್ಮ ರೇವಾ ಅಲ್ಲಿಗೆ ಹೋಗಿ ಬೀದಿಬೀದಿಯಲ್ಲಿ ಕಾಣತೊಡಗಿತು. ಕಾರು ಅದೇ, ಕೈಚಳಕ ಅದೇ. ನಿಯಮ ಒಂದೇ ಬೇರೆ.

ನಮ್ಮ ದೇಶದಲ್ಲೂ ಗೆರೆ ಇಲ್ಲದೇ ಇಲ್ಲ. 2006ರ ಬಜೆಟ್ಟಿನಲ್ಲಿ, ನಾಲ್ಕು ಮೀಟರ್ ಒಳಗಿದ್ದು ಎಂಜಿನ್ ಮಿತಿಯನ್ನೂ ಮೀರದ ಕಾರಿನ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಆಮೇಲೆ ಏನಾಯಿತು ನೋಡಿ. 4.16 ಮೀಟರ್ ಇದ್ದ ಸ್ವಿಫ್ಟ್ ಡಿಜೈರ್ 2012ರಲ್ಲಿ ಡಿಕ್ಕಿ ಮೊಟಕು ಮಾಡಿಕೊಂಡು 3.995 ಮೀಟರಿಗೆ ಬಂದು ನಿಂತಿತು. ಇವತ್ತಿನ ಎತ್ತರದ ಎಸ್‌ಯುವಿಗಳಲ್ಲಿ ಎಷ್ಟೋ ಈ ನಾಲ್ಕು ಮೀಟರಿಗೆ ಅಂಗುಲ ಬಾಕಿ ಇಟ್ಟೇ ತಯಾರಾಗುತ್ತವೆ. ಗೆರೆ ಎಲ್ಲಿತ್ತೋ ಅಲ್ಲಿಯತನಕ ಕಾರು ಬೆಳೆಯಿತು.

ಅಂದಮೇಲೆ ಇನ್ನೊಂದು ಗೆರೆ ಯಾಕೆ ಎಳೆಯಬಾರದು? ನಾಲ್ಕು ಮೀಟರಿನ ಕೆಳಗೆ ಇನ್ನೂ ಒಂದು ಮೆಟ್ಟಿಲು ಬೇಕು, ಜಪಾನಿನಂತೆ ಮೂರೂವರೆ ಮೀಟರ್ ಒಳಗೆ. ಅದಕ್ಕೆ ರಸ್ತೆ ತೆರಿಗೆ ಅರ್ಧ ಮಾಡಲಿ. ಪಾರ್ಕಿಂಗ್ ಶುಲ್ಕವನ್ನು ಕಾರಿನ ಉದ್ದ ಅಳೆದು ಹಾಕಲಿ. ಸುರಕ್ಷತೆಯ ಪರೀಕ್ಷೆಯಲ್ಲಿ ಮಾತ್ರ ಒಂದು ಕೂದಲೆಳೆಯಷ್ಟೂ ರಿಯಾಯಿತಿ ಬೇಡ. ಮೂವತ್ತಡಿ ಅಗಲದ ಕ್ರಾಸ್ ರಸ್ತೆಯಲ್ಲಿ ಎರಡೂ ಕಡೆ ಕಾರು ನಿಂತು, ಆಂಬುಲೆನ್ಸ್ ನುಗ್ಗಲಾಗದೆ ಹಾರ್ನ್ ಹೊಡೆಯುವುದನ್ನು ನೀವೂ ಕೇಳಿದ್ದೀರಿ. ರಸ್ತೆ ಅಗಲ ಮಾಡಲು ಮನೆ ಒಡೆಯಬೇಕು, ಕಾರು ಚಿಕ್ಕದು ಮಾಡಲು ಒಂದು ಆದೇಶ ಸಾಕು. ರೇವಾ ಮಾಡಿದ ಊರಿಗೆ ಅಂಥ ಕಾರು ಮಾಡುವ ಕೈಗಳೇನೂ ಕಡಿಮೆಯಿಲ್ಲ. ಮುಂದಿನ ಚುನಾವಣೆಯಲ್ಲಿ ವೋಟು ಕೇಳಿಕೊಂಡು ಬಂದವರನ್ನು ನಾನಂತೂ ಇದನ್ನೇ ಕೇಳುವವನು. ನೀವೂ ಕೇಳಿ ರಾಯರೇ.