ಆಳಿಗೆ ಹುರುಪು ಹುಟ್ಟುವ ಬಗೆ: ಹೊಸಹಳ್ಳಿ ಕೆರೆಯಂಗಳದ ಭಾಷ್ಯ

ಆಳು ಗುದ್ದಲಿ ಎತ್ತುವುದು ಯಾಕೆ ಎಂಬುದು ಪ್ರೇರಣಾಶಾಸ್ತ್ರದ ಮೂಲ ಪ್ರಶ್ನೆ. ಎತ್ತಿದ ಗುದ್ದಲಿಯನ್ನು ನೆಲಕ್ಕೂರಿ ಅದರ ಮೇಲೆ ಗದ್ದ ಇಡುವುದು ಯಾಕೆ ಎಂಬುದು ಉಪಪ್ರಶ್ನೆ. ಮೊದಲನೆಯದಕ್ಕೆ ಅಮೆರಿಕದ ಕಾರ್ಖಾನೆಗಳು ಉತ್ತರ ಕೊಟ್ಟಿವೆ. ಎರಡನೆಯದಕ್ಕೆ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಸೀಮೆಯ ನರೇಗಾ ಹೂಳೆತ್ತುವ ಕೆಲಸವೇ ಆಧಾರಗ್ರಂಥ.

ದುಡ್ಡು ಏರಿದರೆ ದುಡಿತ ಏರುತ್ತದೆ ಎಂಬುದು ಅಮೆರಿಕದ ಇಂಜಿನಿಯರ್ ಟೇಲರ್ ಮತ (1911). ದಿನಗೂಲಿ 1.15 ಡಾಲರಿನಿಂದ 1.85ಕ್ಕೆ ಏರಿದ್ದೇ, ‘ಶ್ಮಿಟ್’ ಎಂಬಾತ 12.5 ಟನ್ ಬದಲು 47.5 ಟನ್ ಕಬ್ಬಿಣ ಹೊತ್ತನಂತೆ. ಆತ ಬೆಳಗ್ಗೆ ಸಂಜೆ ಸ್ವಂತ ಮನೆಯ ಗೋಡೆ ಏರಿಸುತ್ತಿದ್ದನೆಂದೂ ಟೇಲರನೇ ಬರೆದಿದ್ದಾನೆ. ಅರ್ಧಕ್ಕೆ ನಿಂತ ಗೋಡೆಯುಳ್ಳವನಿಗೆ ಬೇರೆ ಸಿದ್ಧಾಂತ ಬೇಕೆ? ಕೆರೆಯಂಗಳದಲ್ಲಿ ಕೂಲಿ ನಿರ್ಧಾರವಾಗುವುದು ಗುಂಡಿ ಅಳೆಯುವ ಇಂಜಿನಿಯರರ ಟೇಪಿನಿಂದ. ಟೇಪು ಬರುವ ದಿನ ಗುಂಡಿ ತಾನಾಗಿ ಆಳವಾಗುತ್ತದೆ. ಕೂಲಿ 15 ದಿನದೊಳಗೆ ಸೇರಬೇಕೆಂದು 2005ರ ನರೇಗಾ ಕಾಯ್ದೆ ಹೇಳಿತು. ಯಾವ ಪಂಚಾಂಗದ ದಿನವೆಂದು ಹೇಳಲಿಲ್ಲ.

ಮನಶ್ಶಾಸ್ತ್ರಜ್ಞ ಮ್ಯಾಸ್ಲೋ (1943) ಮನುಷ್ಯನ ಬೇಕುಗಳನ್ನು ಐದು ಮೆಟ್ಟಿಲಾಗಿ ಜೋಡಿಸಿದ: ಕೆಳಗೆ ಹೊಟ್ಟೆ, ತುದಿಯಲ್ಲಿ ಆತ್ಮಸಾಕ್ಷಾತ್ಕಾರ. ಹೊಸಹಳ್ಳಿ ಪಾಠಾಂತರದಲ್ಲಿ ನಡುವಿನ ಮೂರು ಮೆಟ್ಟಿಲು ಲೋಪ. ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಖಾಲಿಯಾದೊಡನೆ ಬೇವಿನ ನೆರಳಿನಲ್ಲಿ ಸಾಕ್ಷಾತ್ಕಾರವಾಗುತ್ತದೆ, ಅದೂ ಕಣ್ಣು ಮುಚ್ಚಿಕೊಂಡೇ.

ನೀರು, ನೆರಳು, ಸಂಬಳ ಇಲ್ಲದಿದ್ದರೆ ಗೊಣಗಾಟ, ಇದ್ದರೆ ಹುರುಪೇನೂ ಇಲ್ಲ ಎಂದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ (1959). ಆತ ಮಾತಾಡಿಸಿದ್ದು ಪಿಟ್ಸ್‌ಬರ್ಗ್ ಕಡೆಯ ಸುಮಾರು 200 ಇಂಜಿನಿಯರರನ್ನು, ಲೆಕ್ಕಿಗರನ್ನು. ಮಣ್ಣಿನ ಪುಟ್ಟಿ ಹೊತ್ತವರು ಅದರಲ್ಲಿರಲಿಲ್ಲ. ಆದ್ದರಿಂದ ಈ ಮತವನ್ನು ಇಲ್ಲಿಗೇ ಬಿಡಬಹುದು.

ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳಿಂದ (1924–32) ಹೊರಟ ಮಾತು ಬೇರೆ: ಯಾರೋ ನೋಡುತ್ತಿದ್ದಾರೆಂದು ಗೊತ್ತಾದರೆ ಕೆಲಸ ಚುರುಕಾಗುತ್ತದೆ. 2023ರ ಜನವರಿಯಿಂದ ದೇಶದ ನರೇಗಾ ಕಾಮಗಾರಿಗಳಲ್ಲಿ ಈ ನೋಟ ಹಾಜರಿ ಆ್ಯಪ್ ಆಗಿ ಮೊಬೈಲಿಗೆ ಇಳಿಯಿತು: ದಿನಕ್ಕೆ ಎರಡು ಫೋಟೊ, ಎರಡು ಸಲ ಹುರುಪು. ಅಮೆರಿಕದವರು ಗಮನಿಸದ ಅಂಶವೆಂದರೆ ಈ ಪರಿಣಾಮಕ್ಕೆ ನೆಟ್‌ವರ್ಕ್ ಬೇಕು. ಅದು ಸಿಗುವುದು ಕೆರೆ ಏರಿಯ ಮೇಲೆ, ಹೂಳಿರುವುದು ಕೆಳಗೆ.

ದೇಶೀ ಮತಗಳಲ್ಲೊಂದು ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನದು, 12ನೇ ಶತಮಾನದ್ದು. ಗಂಡ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿರೆಂದು ಆಕೆ ಮರಳಿ ಅಟ್ಟಿದಳು. ಬೋನಸ್ಸನ್ನೇ ಹಿಂದಿರುಗಿಸಿದ ಈ ಪ್ರಕರಣ ಮೇಲಿನ ನಾಲ್ಕು ಮತಕ್ಕೂ ಒಗ್ಗುವುದಿಲ್ಲ. ಆಳುಗಳ ಮೇಲ್ವಿಚಾರಣೆ ನೋಡುವ ನರೇಗಾ ಮೇಟಿಗೆ ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂಬ ಹೆಸರು ಬಂದದ್ದು ದುಡಿಮೆಯನ್ನು ಕಾಯಕವೆಂದ ಆ ಶರಣ ಪರಂಪರೆಯಿಂದಲೇ ಇರಬೇಕು. ಆದರೆ ಆತನ ಕೈಯಲ್ಲಿರುವ ಹಾಜರಿ ಪಟ್ಟಿ ಎನ್‌.ಎಂ.ಆರ್‌.ನಲ್ಲಿ ‘ಹೆಚ್ಚಾಯಿತು, ವಾಪಸು’ ಎಂದು ಬರೆಯಲು ಕಾಲಂ ಇಲ್ಲ.