ಬದನೆಕಾಯಿ ಗ್ರಹಣ

ನಮ್ಮ ಷಡ್ಡಕರ ಎದುರು 'ಯಾಕೆ' ಅನ್ನಬಾರದು. ಟೋಕಿಯೊದ ನಿಷಿಕಸಾಯಿಯಲ್ಲಿರುವ ನಮ್ಮವರಿಗೆಲ್ಲ ಇದು ಗೊತ್ತು. ಹಬ್ಬದೂಟದಲ್ಲೂ ಅವರ ಪಕ್ಕದ ಎಲೆ ಕೊನೆಗೇ ತುಂಬುವುದು. ಭೂಮಿ ಚಪ್ಪಟೆ ಅಂತ ಅವರು ನಿಜವಾಗಿ ನಂಬಿದ್ದಾರೋ ಇಲ್ಲವೋ ನಾನರಿಯೆ. ವಿವರಿಸುವುದರಲ್ಲಂತೂ ಅವರಿಗೆ ಅಪಾರ ನಂಬಿಕೆ.

"ದುಂಡಗಿದೆ ಅಂದ್ರೆ ಒಂದೇ ಮಾತಿಗೆ ಮುಗೀತಲ್ಲಯ್ಯಾ, ಆಮೇಲೆ ಮಾತಾಡೋಕೆ ಏನಿರುತ್ತೆ?" ಅನ್ನುತ್ತಾರೆ.

ಮೊನ್ನೆ ನಮ್ಮ ಊಟದ ಮೇಜಿನ ಮೇಲೆ ಬ್ರಹ್ಮಾಂಡ ಹೂಡಿದರು. ದೋಸೆ ಕಾವಲಿಯೇ ಭೂಮಿ. ನಡುವೆ ಬೋರಲು ಹಾಕಿದ ಲೋಟ ಮೇರು ಪರ್ವತ. ನಿಂಬೆಹಣ್ಣು ಸೂರ್ಯ, ಅದು ಲೋಟದ ಹಿಂದೆ ಸರಿದರೆ ರಾತ್ರಿ. "ಹಡಗು ದೂರ ಹೋದ್ರೆ ತಳಾನೇ ಮೊದಲು ಮರೆಯಾಗುತ್ತಲ್ಲ ದೊಡ್ಡಪ್ಪಾ?" ಅಂದಳು ಮಗಳು. ಗಾಳಿ ಬೆಳಕನ್ನು ಬಗ್ಗಿಸುತ್ತದಂತೆ. ಗಾಳಿಯ ಪಾತ್ರಕ್ಕೆ ಹಪ್ಪಳದ ಡಬ್ಬಿ ಬಂತು. "ಚಂದ್ರಗ್ರಹಣದಲ್ಲಿ ನೆರಳು ಯಾರದ್ದು?" ಕಣ್ಣಿಗೆ ಕಾಣದ ಕಪ್ಪು ಗ್ರಹವೊಂದಿದೆಯಂತೆ, ಫ್ರಿಜ್ಜಿನಿಂದ ಬದನೆಕಾಯಿ ಎದ್ದುಬಂತು. ಒಂಬತ್ತೂವರೆಯಾದರೂ ತಟ್ಟೆ ಇಡಲು ಜಾಗವಿಲ್ಲ. ಷಡ್ಡಕರ ಮುಖ ಮಾತ್ರ ಬೀಗರೌತಣಕ್ಕೆ ಬಂದವರಂತೆ ಬೆಳಗುತ್ತಿತ್ತು. ಮೂರನೇ ಕ್ಲಾಸಿನ ಹುಡುಗಿಗೂ ಗೊತ್ತಿರುವ ಉತ್ತರದಲ್ಲಿ ಅವರಿಗೇನು ಪಾಲು? ಬದನೆಕಾಯಿಯಾದರೆ ಸ್ವಯಾರ್ಜಿತ.

ಚಪ್ಪಟೆ ಲೋಕವನ್ನು ಹೀಗೆ ವಿವರಿಸುವುದು ಜಪಾನಿನಲ್ಲಿ ಹಳೆಯ ಕಸುಬೇ. ನಾವು ಸಂಕಲ್ಪದಲ್ಲಿ ಹೆಸರೆತ್ತುವ ಅದೇ ಮೇರು ಬೌದ್ಧರ ಜೊತೆ ಇಲ್ಲಿಗೆ ಬಂದು 'ಶುಮಿಸೆನ್' ಆಯಿತು: ಎಂಬತ್ತು ಸಾವಿರ ಯೋಜನ ಎತ್ತರ, ಅದರ ಸೊಂಟದ ಸುತ್ತ ಸೂರ್ಯಚಂದ್ರರ ಪ್ರದಕ್ಷಿಣೆ. ಯುರೋಪಿನ ಗೋಳ ಬಂದು ಅದನ್ನು ಅಲ್ಲಾಡಿಸಿದಾಗ ಫುಮೊನ್ ಎಂತ್ಸೂ ಎಂಬ ಭಿಕ್ಷು ಪಟ್ಟಾಗಿ ಕೂತು ಖಗೋಳಶಾಸ್ತ್ರ ಕಲಿತು, 1810ರಲ್ಲಿ 'ಬುಕ್ಕೊಕು ರೆಕಿಶೋಹೆನ್' ಅಂತ ಐದು ಸಂಪುಟ ಹೊರತಂದ. ಮಾತು ಸಾಲದಾದಾಗ ಯಂತ್ರ ಬಂತು. ಮುಂದೆ ತೋಷಿಬಾ ಆಗಿ ಬೆಳೆದ ಕಾರ್ಖಾನೆಯ ಮೂಲಪುರುಷ ತನಕಾ ಹಿಸಾಶಿಗೆಯ ಕೈಯಲ್ಲೇ ಅವನ ಪಕ್ಷದವರು ಮೇರು ಗಡಿಯಾರ ಮಾಡಿಸಿದರು. ಅಂಥದೊಂದು ಗಿಂಜಾದ ಸೀಕೊ ಮ್ಯೂಸಿಯಮ್ಮಿನಲ್ಲಿದೆ. ಷಡ್ಡಕರು ಅದರ ಗಾಜಿಗೆ ಮೂಗು ಒತ್ತಿ ಅರ್ಧ ಗಂಟೆ ನಿಂತರು. "ಚಪ್ಪಟೆ ಲೋಕ ನಡೆಸೋಕೆ ಒಳಗೆಲ್ಲ ದುಂಡನೆ ಚಕ್ರಗಳೇ ಅಲ್ವಾ?" ಅಂದೆ. ಕೇಳಿಸಲಿಲ್ಲ. ಅಥವಾ ಕೇಳಿಸಿತು.

ಷಡ್ಡಕರಿಗೆ ಇನ್ನೂ ಹತ್ತಿರದವನು ಸದಾ ಕೈಸೆಕಿ ಎಂಬ ಮತ್ತೊಬ್ಬ ಭಿಕ್ಷು. ಹೆಸರಿಗೆ ತಕ್ಕಂತೆ ಸದಾ ತಯಾರು. ಕಾಣುವುದು ಬೇರೆ, ಇರುವುದು ಬೇರೆ, ಎರಡನ್ನೂ ಹೊಂದಿಸಿ ತೋರಿಸುತ್ತೇನೆ ಅಂತ ಇನ್ನೊಂದು ಯಂತ್ರವನ್ನು 1877ರಲ್ಲಿ ಉಯೆನೋದ ಕೈಗಾರಿಕಾ ವಸ್ತುಪ್ರದರ್ಶನದಲ್ಲೇ ಇಟ್ಟ. ಪರದೇಶದ ಸೀಮೆಎಣ್ಣೆ ದೀಪದಿಂದ ದೇಶ ಹಾಳಾಗುತ್ತದೆ ಅಂತಲೂ ಊರೂರು ಸುತ್ತಿ ಭಾಷಣ ಮಾಡಿದ. 1882ರಲ್ಲಿ ಅಂಥ ಪ್ರವಾಸದಲ್ಲೇ ತೀರಿಕೊಂಡ.

ಸರಿ, ಮೇಜಿಗೆ ಬರೋಣ. ಬದನೆಕಾಯಿಯ ಕಕ್ಷೆ ನಿಷ್ಕರ್ಷೆಯಾಗುತ್ತಿದ್ದಾಗ ಮೈಸೂರಿನಿಂದ ಅತ್ತೆಯ ವಿಡಿಯೊ ಕಾಲ್. ಅಲ್ಲಿ ಸಂಜೆ ಆರು ಗಂಟೆ, ಹಿಂದಿನ ಕಿಟಕಿಯಲ್ಲಿ ಇನ್ನೂ ಬಿಸಿಲು.

"ಅಳಿಯಂದ್ರೇ, ನಿಮ್ಮಲ್ಲಿ ಆಗ್ಲೇ ಕತ್ತಲಾ? ಯಾಕೆ?"

ನಾವೆಲ್ಲ ಉಸಿರು ಬಿಗಿಹಿಡಿದೆವು. ಷಡ್ಡಕರು ಗಂಟಲು ಸರಿಮಾಡಿಕೊಂಡು ನಿಂಬೆಹಣ್ಣು ಎತ್ತಿದರು. "ಮೇರು ಅಡ್ಡ ಬಂದಿದೆ ಅತ್ತೆ. ಈಗ ಈ ಕಾವಲಿ ನೋಡಿ..."

"ಭಾವ, ಆ ಸೂರ್ಯನ್ನ ಇಲ್ಲಿ ಕೊಡಿ," ಅಂದಳು ನನ್ನ ಹೆಂಡತಿ. "ಚಿತ್ರಾನ್ನಕ್ಕೆ ಹಿಂಡಬೇಕು."